ಡಾಗೋ ಮನೆಯ ಎರಡು ಅಡುಗೆಮನೆ

“ಈಶಾನ್ಯದಲ್ಲಿ ಅಡುಗೆಮನೆ. ಆಗಲ್ಲ ಬಿಡಿ.”

ಶರ್ವಾಣಿ ಫೋನನ್ನು ಮೇಜಿನ ಆ ಬದಿಗೆ ತಳ್ಳಿ ಚಹಾದ ಕಪ್ಪು ಎತ್ತಿಕೊಂಡಳು. ಹೇಳಿದ್ದು ಅರ್ಧ ನಿಜ. ಉಳಿದರ್ಧವನ್ನು ಬೇಕೆಂದೇ ನುಂಗಿದ್ದಳು.

ಎದುರಿಗೆ ಕೂತಿದ್ದ ಮುಕುಂದ್ ಪೆಚ್ಚಾದ. “ಇದೂ ಬ್ಯಾಡೇನ್ರೀ? ಹೋದ ವಾರದ ಮನಿಗೆ ಬಾಗಲಾ ಸರಿ ಇಲ್ಲ ಅಂದ್ರಿ. ಅದರ ಹಿಂದಿನದಕ್ಕ ಬಾವಿ ಸರಿ ಇಲ್ಲ ಅಂದ್ರಿ.”

“ಬಾವಿ ನೈಋತ್ಯದಲ್ಲಿತ್ತು. ನಾನೇನು ಹೋಗಿ ತೋಡಿದ್ನಾ?”

“ನೀವು ತೋಡಿಲ್ಲ, ಖರೇ. ಆದ್ರ ಒಂದ್ ಮನಿಗಾದ್ರೂ ಹೂಂ ಅನ್ನೋ ಮನಸ್ಸು ಅದನೋ ಇಲ್ಲೋ ನಿಮಗ?”

ಅವನು ತಲೆ ಓರೆ ಮಾಡಿ ನೋಡಿದ. ಆ ನೋಟ ತಾಗಿದ್ದೇ ತಡ, ಶರ್ವಾಣಿಗೆ ಸಕ್ಕರೆ ಹಾಕಿದ ಚಹಾಕ್ಕೆ ಇನ್ನೊಮ್ಮೆ ಸಕ್ಕರೆ ಹಾಕಬೇಕೆನಿಸಿತು. ಹಾಕಿಯೂ ಬಿಟ್ಟಳು.

ಮುಕುಂದ್ ಧಾರವಾಡದವನು, ಅಮೆರಿಕದ ಪಿಸ್ಕಾಟವೇಯ ಟೆಲಿಕಾಂ ಆಫೀಸಿನಲ್ಲಿ ಎಂಜಿನಿಯರ್. ಕಂಪನಿ ಅವನನ್ನು ಇಂಡೋನೇಷ್ಯಾದ ಬಾಂಡುಂಗ್‌ಗೆ ಕಳಿಸುತ್ತಿತ್ತು. ಒಂದೆರಡು ವರ್ಷಕ್ಕಲ್ಲ, ಅಲ್ಲೇ ನೆಲೆಯೂರುವಂಥ ಕೆಲಸ. ಶರ್ವಾಣಿ ಮೈಸೂರಿನ ಹುಡುಗಿ, ಇಲ್ಲೊಬ್ಬ ಆರ್ಕಿಟೆಕ್ಟ್ ಹತ್ತಿರ ಕೆಲಸ. ವಾರವಿಡೀ ಅಮೆರಿಕನ್ನರ ಬೇಸ್‌ಮೆಂಟು, ಡೆಕ್ಕುಗಳ ನಕ್ಷೆ ಬರೆಯುವ ಅವಳನ್ನು ವೀಕೆಂಡ್ ಬಂತೆಂದರೆ ಕನ್ನಡದ ಆಂಟಿಯರು ಬಿಡುತ್ತಿರಲಿಲ್ಲ. ಮನೆಗೆ ಆಫರ್ ಹಾಕುವ ಮುಂಚೆ ನಕ್ಷೆ ಅವಳ ವಾಟ್ಸಾಪಿಗೆ ಬರಬೇಕು. ವಾಸ್ತುವಿನಲ್ಲಿ ಅವಳಿಗೆ ನಂಬಿಕೆ ಅಷ್ಟಕ್ಕಷ್ಟೇ. ಆದರೆ ಶ್ರದ್ಧೆಯಿಂದ ಓದಿಕೊಂಡಿದ್ದಳು, ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದಳು. “ಶರ್ವಾಣಿ ಓಕೆ ಅಂದ್ಲಾ?” ಎಂದು ಕೇಳದೆ ಹತ್ತಿರದ ಹಿಲ್ಸ್‌ಬರೋ ಊರಿನ ಕನ್ನಡದವರು ಯಾರೂ ಸಹಿ ಹಾಕುತ್ತಿರಲಿಲ್ಲ.

ಅಲ್ಲಿಯ ವಿಜಿ ಆಂಟಿಯ ಗೃಹಪ್ರವೇಶದ ಊಟದಲ್ಲೇ ಮುಕುಂದ್ ಸಿಕ್ಕಿದ್ದು. ಪಾಯಸದ ಬಟ್ಟಲು ಕೈಯಲ್ಲಿ ಹಿಡಿದು, “ನಮ್ಮ ಅಮ್ಮಗ ವಾಸ್ತು ಅಂದ್ರ ಭಾಳ ನೋಡ್ರಿ. ನೀವು ಹೂಂ ಅಂದ್ರ ಮನಿ ತಗೋತೀನಿ, ಇಲ್ಲಾಂದ್ರ ಇಲ್ಲ” ಎಂದಿದ್ದ. ಅಂದಿನಿಂದ ಪ್ರತಿ ಶನಿವಾರ ಓಕ್ ಟ್ರೀ ರೋಡಿನ ಈ ಚಹಾದಂಗಡಿ, ಕಿಟಕಿಯ ಪಕ್ಕದ ಈ ಮೇಜು.

“ಬಾಡಿಗೆಗೆ ಇರಬಹುದಲ್ಲ? ಹೋದ ತಕ್ಷಣ ಯಾಕೆ ಕೊಂಡುಕೊಳ್ಳೋ ಆತುರ?” ಎಂದು ಅವಳೊಮ್ಮೆ ಕೇಳಿದ್ದಳು.

“ಬಂದಾಗಿಂದ ಅಪಾರ್ಟ್‌ಮೆಂಟಿನಾಗ ಇದ್ದೀನ್ರೀ. ಒಂದ್ ಮೊಳಿ ಹೊಡೀಬೇಕಂದ್ರ ಲೀಸಿಂಗ್ ಆಫೀಸಿಗೆ ಇಮೇಲ್ ಮಾಡಬೇಕು. ಇಲ್ಲಿ ಮನಿ ತಗೊಳ್ಳೋಣಂದ್ರ ಬಿಡ್ಡಿಂಗ್ ವಾರ್. ಅಲ್ಲಾದ್ರೂ ನನ್ನ ಗ್ವಾಡಿಗೆ ನಾ ಮೊಳಿ ಹೊಡೀತೀನಿ.” ಆಮೇಲೆ ಮೆಲ್ಲಗೆ ಸೇರಿಸಿದ್ದ, “ಪೂರಾ ಸ್ವಂತ ಆಗೂದಿಲ್ಲ, ಹೊರಗಿನವರಿಗೆ ಬರೇ ಇರೋ ಹಕ್ಕು ಕೊಡ್ತಾರ. ಅಲ್ಲೂ ಅದಕ್ಕ ‘ಹಕ್’ ಅಂತನ ಅಂತಾರ, ಕೇಳಿ ಖುಷಿ ಆತು. ಮೊದಲ ಮೂವತ್ತು ವರ್ಷ, ಆಮ್ಯಾಲ ಮುಂದುವರಸಬಹುದು.”

“ಮೂವತ್ತು ವರ್ಷ ಸಾಕಾ ನಿಮಗೆ?”

“ಅದು ಜೋಡಿ ಯಾರಿರ್ತಾರ ಅನ್ನೋದರ ಮ್ಯಾಲೆ ಹೋಗ್ತದ.”

ಹೇಳುತ್ತಾ ಅವನು ಅವಳ ಮುಖ ನೋಡದೆ ಸಮೋಸಾ ಮುರಿದಿದ್ದ. ಆ ಮಾತು ಶರ್ವಾಣಿಯ ತಲೆಯಲ್ಲಿ ಪೂರ್ತಿ ಒಂದು ವಾರ ಮನೆ ಮಾಡಿಕೊಂಡಿತ್ತು. ಮುಂದಿನ ಶನಿವಾರವೇ ಅವಳು ಮೊದಲ ಸುಳ್ಳು ಹೇಳಿದ್ದು. ಮನೆ ಸಿಕ್ಕರೆ ಇವನು ಹೊರಟ. ಸಿಗದಿದ್ದರೆ ಇನ್ನೊಂದು ಶನಿವಾರ ಸಿಕ್ಕಿತು. ಪಾಪ, ಅವಳ ಲೆಕ್ಕಾಚಾರ ಅಷ್ಟೇ ಇತ್ತು.

ಆದರೆ ಇವತ್ತಿನ ಮನೆ ಬೇರೆ. ಡಾಗೋ ಎಂಬ ಬಡಾವಣೆಯ ಏರಿನಲ್ಲಿ ಉತ್ತರಕ್ಕೆ ಮುಖ ಮಾಡಿದ ಹೆಂಚಿನ ಮನೆ. ಬ್ರೋಕರ್ ಇಬು ರತ್ನಾ, ಅಂದರೆ ಅಲ್ಲಿಯವರ ಮಾತಿನಲ್ಲಿ ರತ್ನಮ್ಮ, ಕಳಿಸಿದ ವಿಡಿಯೋದಲ್ಲಿ ಗೇಟಿನ ಪಕ್ಕ ಕಾವಲುಗಾರನ ಪುಟ್ಟ ಗೂಡು, ಬೀದಿಯಲ್ಲಿ ಬಟ್ಟಲು ಬಡಿಯುತ್ತಾ ಹೋಗುವ ತಿಂಡಿಗಾಡಿ, ಅದರಾಚೆ ಮಂಜು ಮುಸುಕಿದ ಗುಡ್ಡ. ಮುಂದೆ ಈಶಾನ್ಯದಲ್ಲಿ ಅಗಲ ಕಿಟಕಿಯ ಒಂದು ಅಡುಗೆಮನೆ ಇದ್ದದ್ದು ನಿಜ. ಆದರೆ ಆ ಕಡೆಯ ಮನೆಗಳಲ್ಲಿ ಅಡುಗೆಮನೆ ಎರಡು. ಮುಂದಿನದು ಬಂದವರಿಗೆ ಕಾಫಿ ಕೊಡುವುದಕ್ಕೆ, ನೋಟದ ಚೆಂದಕ್ಕೆ. ಒಗ್ಗರಣೆ, ಹೊಗೆ, ಪಾತ್ರೆ ಎಲ್ಲ ಹಿತ್ತಲಿನ ಇನ್ನೊಂದರಲ್ಲಿ. ಈ ಮನೆಯಲ್ಲಿ ಆ ಹಿಂದಿನದು ಸರಿಯಾಗಿ ಆಗ್ನೇಯ ಮೂಲೆಯಲ್ಲಿತ್ತು. ಒಲೆ ಎಲ್ಲಿರಬೇಕೆಂದು ಶಾಸ್ತ್ರ ಹೇಳುತ್ತದೋ ಅಲ್ಲೇ.

ಶರ್ವಾಣಿ ಅದನ್ನು ನೋಡಿದ್ದಳು. ನೋಡಿಯೂ ಹೇಳಲಿಲ್ಲ.

“ಸರಿ ಹಂಗಾರ,” ಮುಕುಂದ್ ಫೋನ್ ಕಿಸೆಗೆ ಹಾಕಿಕೊಂಡ. “ಇನ್ನೊಂದು ಫ್ಯಾಮಿಲಿ ಕೇಳ್ಲಿಕ್ಕತ್ತಾರಂತ. ನಾಳೆ ಬ್ಯಾಡ ಅಂತ ಹೇಳಿಬಿಡ್ತೀನಿ. ಚೊಲೋ ಇತ್ತು ಮನಿ.”

ಆ ಕೊನೆಯ ಮಾತು ಅವಳನ್ನು ಮನೆಯವರೆಗೂ ಹಿಂಬಾಲಿಸಿತು. ಡ್ರೈವ್ ಮಾಡುವಾಗಲೂ, ಬಟ್ಟೆ ಮಡಿಸುವಾಗಲೂ ಅದೇ. ಇಷ್ಟು ವರ್ಷ ಯಾರ ನಕ್ಷೆಗೂ ಅವಳು ಮೋಸ ಮಾಡಿರಲಿಲ್ಲ. ಈಗ ಮಾಡಿದ್ದು ತನಗೆ ಎಲ್ಲರಿಗಿಂತ ಹೆಚ್ಚು ಬೇಕಾದವನಿಗೆ. ಅವನು ಹೇಗೂ ಹೋಗುವವನೇ. ಹೋದಮೇಲೆ ತನ್ನಿಂದಾಗಿ ಯಾವುದೋ ಕತ್ತಲೆ ಮನೆಯಲ್ಲಿ ಇರಬೇಕಾದೀತು.

ಭಾನುವಾರ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಅವನ ಅಪಾರ್ಟ್‌ಮೆಂಟಿನ ಬಾಗಿಲು ಬಡಿದಳು.

ಮುಕುಂದ್ ಬಾಗಿಲು ತೆರೆದಾಗ ಅವನ ಕೈಯಲ್ಲಿ ಫೋನಿತ್ತು, ಫೋನಿನ ವಿಡಿಯೋ ಕಾಲ್‌ನಲ್ಲಿ ಧಾರವಾಡದ ಅವನ ತಾಯಿ ಪಂಕಜಾ ಇದ್ದರು.

“ಬೇಡ ಅಂತ ಹೇಳಿಬಿಟ್ರಾ?” ಶರ್ವಾಣಿ ಏದುಸಿರಿನಲ್ಲೇ ಕೇಳಿದಳು.

“ಇನ್ನೂ ಇಲ್ಲ. ಯಾಕ್ರೀ, ಏನಾತು?”

“ಹೇಳಬೇಡಿ. ಆ ಮನೆ ತುಂಬ ಚೆನ್ನಾಗಿದೆ. ಹಿತ್ತಲಲ್ಲಿ ಇನ್ನೊಂದು ಅಡುಗೆಮನೆ ಇದೆ, ಒಲೆ ಆಗ್ನೇಯದಲ್ಲೇ ಬರತ್ತೆ. ನಂಗೆ ನಿನ್ನೆನೇ ಗೊತ್ತಿತ್ತು.” ಫೋನಿನ ಕಡೆ ತಿರುಗಿ ಕೈ ಮುಗಿದಳು. “ಆಂಟಿ, ವಾಸ್ತು ವಿಷಯಕ್ಕೆ ನೀವು ಏನೂ ಯೋಚನೆ ಮಾಡಬೇಡಿ. ತಪ್ಪು ನಂದು.”

ಪಂಕಜಾ ಕನ್ನಡಕ ಸರಿಮಾಡಿಕೊಂಡರು. “ವಾಸ್ತು? ಯಾರಿಗವಾ ವಾಸ್ತು? ನಮ್ಮ ಮನಿ ಬಾಗಲಾ ದಕ್ಷಿಣಕ್ಕ ಅದ, ಅಡಗಿಮನಿ ಯಾವ ದಿಕ್ಕಿಗೆ ಅದ ಅಂತ ನಾನೂ ನೋಡಿಲ್ಲ, ಇವರಪ್ಪನೂ ನೋಡಿಲ್ಲ. ಮುಕುಂದಾ, ಏನಂತ ಹೇಳೀಯೋ ಈ ಹುಡುಗಿಗೆ?”

ಮುಕುಂದನ ಕಿವಿ ಕೆಂಪಾಗುವುದನ್ನು ಶರ್ವಾಣಿ ಮೊದಲ ಸಲ ನೋಡಿದಳು. ಅವನು “ಆಮ್ಯಾಲೆ ಮಾಡ್ತೀನಮ್ಮ” ಎಂದವನೇ ಫೋನನ್ನು ಸೋಫಾದ ಮೇಲೆ ಬೋರಲು ಹಾಕಿದ.

“ಅಂದ್ರೆ ನಿಮ್ಮಮ್ಮ ಕೇಳೇ ಇಲ್ಲ?”

“ಇಲ್ಲ.”

“ಮತ್ತೆ ಇಷ್ಟು ಶನಿವಾರ?”

“ಬ್ಯಾರೆ ಏನಂತ ಕರೀಬೇಕಿತ್ರೀ ನಿಮ್ಮನ್ನ? ಅವತ್ತು ಊಟದಾಗ ಎಲ್ಲಾ ಆಂಟಿಗಳು ಸುತ್ತುವರದು ವಾಸ್ತು ಕೇಳ್ಲಿಕ್ಕತ್ತಿದ್ರು. ನನಗೂ ಅದೊಂದ ದಾರಿ ಕಾಣ್ತು.” ಅವನು ಗೋಡೆಗೆ ಒರಗಿದ. “ಮನಿ ನಿಮ್ಮ ಮನಸಿಗೆ ಬರಬೇಕಿತ್ತು. ಅದಕ್ಕ ನಿಮ್ಮನ್ನ ಕೇಳ್ತಿದ್ದೆ. ನೀವು ಎಲ್ಲಾದಕ್ಕೂ ಬ್ಯಾಡ ಅಂದಾಗ, ನನಗನ ಬ್ಯಾಡ ಅನ್ನಲಿಕ್ಕತ್ತಾರೇನೋ ಅಂತ ಭಾಳ ಬ್ಯಾಸರಾತು. ನೀವ್ಯಾಕ ಸುಳ್ಳ ಹೇಳಿದ್ರಿ?”

ಶರ್ವಾಣಿಗೆ ನಗು ಬಂತು, ಅದರ ಬೆನ್ನಿಗೇ ಕಣ್ಣು ತುಂಬಿತು. “ಮನೆ ಸಿಕ್ಕಿದ್ರೆ ನೀವು ಹೊರಟುಹೋಗ್ತಿದ್ರಿ. ನಂಗೆ ನೀವು ಬೇಕಾಗಿತ್ತು ಮುಕುಂದ್, ಅದಕ್ಕೆ. ಎಲ್ಲ ಮನೆಗಳೂ ಚೆನ್ನಾಗೇ ಇದ್ವು. ಆ ಬಾವಿ ಒಂದು ಬಿಟ್ಟು.”

ಇಬ್ಬರೂ ನಕ್ಕರು. ಅವನು ಒಂದು ಹೆಜ್ಜೆ ಮುಂದೆ ಬಂದು ಅವಳ ಕೈ ಹಿಡಿದುಕೊಂಡ. ಅದು ತಣ್ಣಗಿತ್ತು. ಅವನು ಬಿಡಲಿಲ್ಲ.

“ಹಂಗಾರ ಇಬು ರತ್ನಾಗ ಏನು ಹೇಳ್ಲಿ? ನೀವು ಹೂಂ ಅಂದ್ರ ತಗೋತೀನಿ ಅಂದಿದ್ದೆ. ಅದಂತೂ ಸುಳ್ಳಲ್ಲ.”

“ನನ್ನ ಕೆಲಸ?”

“ನೀವ ಹೇಳ್ರಿ. ನೀವು ಬರ್ಲಿಕ್ಕಾಗೂದಿಲ್ಲ ಅಂದ್ರ ಮನಿ ಬ್ಯಾಡ. ನಾ ಗೆಸ್ಟ್‌ಹೌಸಿನಾಗ ಇದ್ದು ವರ್ಷದಾಗ ವಾಪಸ್ ಬರೋ ದಾರಿ ನೋಡ್ತೀನಿ.”

ಅವಳು ತನ್ನ ಫೋನಿನಲ್ಲಿದ್ದ ನಕ್ಷೆ ತೆರೆದಳು. ಡಾಗೋ ಮನೆಯ ಮುಂಭಾಗವನ್ನು ಹಿಗ್ಗಿಸಿದಳು. ಅಗಲ ಕಿಟಕಿ, ಬೆಳಗಿನ ಬಿಸಿಲು, ದೂರಕ್ಕೆ ಗುಡ್ಡ. ಅಲ್ಲಿಂದಲೇ ಕೆಲಸ ಮಾಡಲು ಬಾಸನ್ನು ಒಪ್ಪಿಸುವುದು ಕಷ್ಟವಾದೀತು, ಅಸಾಧ್ಯವೇನಲ್ಲ.

“ಒಲೆ ಹಿತ್ತಲಲ್ಲೇ ಇರ್ಲಿ,” ಎಂದಳು. “ಮುಂದಿನ ಅಡುಗೆಮನೇಲಿ ಅಡುಗೆಕಟ್ಟೆ ತೆಗೆಸಿಬಿಡಿ. ಅಲ್ಲಿ ನನ್ನ ಡ್ರಾಯಿಂಗ್ ಟೇಬಲ್ ಬರತ್ತೆ.”

ಮುಕುಂದನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಷ್ಟರಲ್ಲಿ ಸೋಫಾದ ಮೇಲೆ ಬೋರಲು ಬಿದ್ದಿದ್ದ ಫೋನು ಮಾತಾಡಿತು. ಅವನು ಕಾಲ್ ಕಟ್ ಮಾಡುವುದನ್ನೇ ಮರೆತಿದ್ದ.

“ಮುಕುಂದಾ, ಹುಡುಗಿ ಹೂಂ ಅಂದಳೋ. ಆಕಿಗೆ ಮೊದ್ಲು ತಿಂಡಿ ಕೊಡು, ಆಮ್ಯಾಲೆ ಬ್ರೋಕರ್‌ಗ ಫೋನ್ ಮಾಡು.”