ಪಟ್ಟಿಯೊಳಗಿನ ಅಕ್ಕಿ

ನನ್ನ ಮಣಿಕಟ್ಟಿನ ಮೇಲೆ ಸ್ವಸ್ತಿಕದ ಹಚ್ಚೆಯಿದೆ. ನಮ್ಮ ನೇಯ್ಗೆ ಕಾರ್ಖಾನೆಗೆ ಹೊಸ ಮಗ್ಗ ನೋಡಲು ಇಚಲಕರಂಜಿಯಿಂದ ಜರ್ಮನಿಗೆ ಹೊರಟಾಗ ಅತ್ತೆ ಅಲಕಾ ಅದರ ಮೇಲೆ ಬಿಳಿ ಪಟ್ಟಿ ಸುತ್ತಿದರು.

"ಅಲ್ಲಿ ಮಂದಿ ಇದನ್ನ ಹಿಟ್ಲರನ ಗುರುತು ಅಂತ ತಿಳೀತಾರ, ನೂತನ. ಪೊಲೀಸರು ಹಿಡೀತಾರ. ಬಿಚ್ಚಬ್ಯಾಡ."

ಎರಡನೆಯ ದಿನ ಮಧ್ಯಾಹ್ನ ಹೋಟೆಲಿನ ಕೋಣೆಯಲ್ಲಿ ಪಟ್ಟಿಯ ಕೆಳಗೆ ಬೆಚ್ಚಗಾಯಿತು. ಗಂಧದ ವಾಸನೆ ಬಂತು. ಬಿಚ್ಚಿದರೆ ಹಚ್ಚೆಯ ಗೆರೆಗಳುದ್ದಕ್ಕೂ ಒದ್ದೆ ಅಕ್ಕಿಕಾಳು ಅಂಟಿದ್ದವು. ತೊಳೆದು ಕಟ್ಟಿದೆ. ಮರುದಿನ ಮತ್ತೆ ಬಂದವು. ಹೆದರಿ ಅತ್ತೆಗೆ ಫೋನ್ ಮಾಡಿದೆ.

"ಅತ್ತಿ, ಪಟ್ಟಿಯೊಳಗ ಅಕ್ಕಿ ಇಟ್ಟಿದ್ರೇನ್ರಿ?"

"ಇಲ್ಲವಾ," ಎಂದರು ಮೆಲ್ಲಗೆ. "ಎರಡ ದಿನಾತು, ಬಸದಿಯೊಳಗ ನಿನ್ನ ಹೆಸರಲೆ ಅಕ್ಕಿಯಿಂದ ಸ್ವಸ್ತಿಕ ಬರದು ಕಣ್ಣ ಮುಚ್ಚತೇನಿ. ತೆರೆಯೂದ್ರಾಗ ಒಂದು ಕಾಳೂ ಇರಂಗಿಲ್ಲ."

ಆಮೇಲೆ ಪಟ್ಟಿ ಕಟ್ಟುವ ಮನಸ್ಸಾಗಲಿಲ್ಲ. ಮೂರು ದಿನ ಹಚ್ಚೆ ಮುಚ್ಚದೆಯೇ ತಿರುಗಿದೆ; ಯಾರೂ ಏನೂ ಅನ್ನಲಿಲ್ಲ. ನನ್ನ ಕಣ್ಣಿಗೆ ಹಚ್ಚೆ ಎಂದಿನಂತೆ ಕಾಣುತ್ತಿತ್ತು. ಆದರೆ ಅಲ್ಲಿ ತೆಗೆದ, ಮಣಿಕಟ್ಟು ಸ್ಪಷ್ಟವಾಗಿ ಕಾಣುವ ಒಂದು ಫೋಟೊದಲ್ಲೂ ಅದು ಇಲ್ಲ.