ಕಸುಬಿನ ಬಳೆ

ಬಳೆಗಳು ಎರಡೂ ಕೈಗೆ ಕೂತೊಡನೆ ಗೋಡೆಯ ಪರದೆ ಹಸಿರಾಯಿತು. ಆಯಿಶತ್ ಮಾನಿಕ್ ಪರೀಕ್ಷೆಗೆಂದು ಮಲಗಿಸಿದ್ದ ಬೊಂಬೆ ರೋಗಿಗೆ ಅರಿವಳಿಕೆ ಕೊಟ್ಟಳು, ಉಸಿರುನಾಳಕ್ಕೆ ಕೊಳವೆ ಇಳಿಸಿದಳು. ಕಾರವಾರದ ಮಾನ್ಯತಾ ಕೇಂದ್ರದಲ್ಲಿ, 2063ರ ಹೊತ್ತಿಗೆ, ಹೊರದೇಶದ ಪದವಿಪತ್ರಗಳನ್ನು ಯಾರೂ ಬಿಡಿಸಿ ನೋಡುತ್ತಿರಲಿಲ್ಲ. ಸ್ನಾಯುಗಳಲ್ಲಿ ಹರಿಯುವ ಕಿರುವಿದ್ಯುತ್ತನ್ನು ಕಸುಬಿನ ಬಳೆ ಅಳೆಯುತ್ತಿತ್ತು. ಹತ್ತು ಸಾವಿರ ನುರಿತ ಕೈಗಳ ಚಲನೆಯ ಜೊತೆ ಹೋಲಿಸಿ ಅಂಕ ಕೊಡುತ್ತಿತ್ತು. ಅರುವತ್ತು ಬಂದರೆ ಪರವಾನಗಿ.

ಅವಳಿಗೆ ಬಂದದ್ದು ನಲವತ್ತೊಂದು.

"ಮುಗೀತಲ್ಲ? ಬಳೆ ತೆಗೀರಿ," ಎಂದ ಅಧಿಕಾರಿ ಗಜಾನನ ಶಾನಭಾಗ. "ದ್ವೀಪ ಮುಳುಗ್ತು ಅಂತ ಬಂದೋರೆಲ್ಲ ಡಾಕ್ಟರೇ. ಒಬ್ಬ ಮೀನುಗಾರ ಬಂದದ್ದು ನಾ ಕಾಣ್ಲಿಲ್ಲ ಮಾರಾಯ್ರೆ!"

ಇದು ಮೂರನೆಯ ಪರೀಕ್ಷೆ. ನಾಲ್ಕನೆಯದಕ್ಕೆ ಅವಕಾಶವೇ ಇರಲಿಲ್ಲ. ನಾಲ್ಕು ವರ್ಷ ಇಲ್ಲಿನ ಆಸ್ಪತ್ರೆಯ ಬಟ್ಟೆ ಒಗೆದಿದ್ದ ಆಯಿಶತ್‌ಗೆ ಮೈಯೆಲ್ಲ ಉರಿಯಿತು.

"ಇಪ್ಪತ್ತೆರಡು ವರ್ಷ ಜನರನ್ನು ಮಲಗಿಸಿದ್ದೇನೆ. ಎಬ್ಬಿಸಿದ್ದೇನೆ ಕೂಡ. ನಿಮ್ಮ ಬಳೆ ಯಾರನ್ನು ಎಬ್ಬಿಸಿದೆ?"

ಬಳೆಯನ್ನು ಕಂಡುಹಿಡಿದ ಸುಗಂಧಿ ರೇವಣಕರ ಅಲ್ಲೇ ಕೂತಿದ್ದಳು. "ಬಳೆಗೆ ದೇಶ, ಜಾತಿ ಗೊತ್ತಿಲ್ಲ. ನೀವು ಎಡಗೈಯನ್ನ ಇಡೀ ಹೊತ್ತು ರೋಗಿ ಕುತ್ತಿಗೆ ಮೇಲೇ ಇಟ್ಕೊಂಡಿದ್ರಿ. ನಾಡಿ ತೋರ್ಸೋಕೆ ಪರದೆ ಇದೆಯಲ್ಲ? ನುರಿತವರು ಯಾರೂ ಹಾಗೆ ಮಾಡಲ್ಲ."

"ನಮ್ಮ ಆಸ್ಪತ್ರೆಯಲ್ಲಿ ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತಿತ್ತು. ಪರದೆ ಆರಿದರೂ ನಾಡಿ ತಿಳಿಯಬೇಕಲ್ಲ?"

"ಇಲ್ಲಿ ಹೋಗಲ್ಲ," ಎಂದ ಶಾನಭಾಗ.

ಆಯಿಶತ್ ಪರವಾಗಿ ಎರಡು ಮಾತು ಹೇಳಲು ಬಂದಿದ್ದ ಹಿರಿಯ ಅರಿವಳಿಕೆ ವೈದ್ಯ ವಿಠೋಬ ಗಾಂವಕರರು ಬಾಗಿಲ ಬಳಿಯಿಂದ ಮುಂದೆ ಬಂದರು. "ಬಳೆ ನಂಗೂ ಹಾಕು ಸುಗಂಧಿ. ನಿನ್ನ ಹೆರಿಗೇಲಿ ಅರಿವಳಿಕೆ ಕೊಟ್ಟೋನು ನಾನೇ ಅಲ್ವಾ?"

"ಬೇಡ ಸರ್. ಅಂಕ ನೇರ ದಾಖಲೆಗೆ ಹೋಗ್ತದೆ."

"ಹೋಗ್ಲಿ."

ಬಳೆ ತೊಟ್ಟು ಕೆಲಸಕ್ಕಿಳಿದೊಡನೆ ಅವರ ಎಡಗೈ ತನ್ನಷ್ಟಕ್ಕೆ ಬೊಂಬೆಯ ಕುತ್ತಿಗೆಗೆ ಹೋಯಿತು. ಪರದೆ ನಲವತ್ನಾಲ್ಕು ಎಂದಿತು. ಮರುಗಳಿಗೆಯಲ್ಲೇ ಅದರ ಕೆಳಗೆ ಇನ್ನೊಂದು ಸಾಲು ಮೂಡಿತು: ಪರವಾನಗಿ ರದ್ದು.

"ಈಗಲಾದರೂ ಸರಿಮಾಡಿ," ಎಂದಳು ಆಯಿಶತ್. "ತಪ್ಪು ಬಳೆಯದೇ ಅಂತ ಗೊತ್ತಾಯಿತಲ್ಲ."

ಸುಗಂಧಿ ತಲೆ ಎತ್ತಲಿಲ್ಲ. "ಹದಿನಾಲ್ಕು ದೇಶ ಈ ಬಳೆ ಒಪ್ಕೊಂಡಿವೆ. ಇಬ್ಬರಿಗೋಸ್ಕರ ತಪ್ಪು ಅಂದ್ರೆ, ಇದೇ ಅಂಕ ಹಿಡ್ಕೊಂಡು ಹೊರದೇಶದಲ್ಲಿ ಕೆಲಸ ಮಾಡೋ ನಮ್ಮೋರನ್ನ ಯಾರು ನಂಬ್ತಾರೆ?"

"ಬಾಗಿಲಲ್ಲಿ ನಿಲ್ಬೇಡಿ," ಎಂದು ಶಾನಭಾಗ ಇಬ್ಬರನ್ನೂ ಹೊರಗಟ್ಟಿದ.

ರಸ್ತೆಗೆ ಬಂದ ಮೇಲೆ ಆಯಿಶತ್ ಕೇಳಿದಳು, "ನೀವು ಎಲ್ಲಿ ಕಲಿತಿರಿ?"

"ಇಲ್ಲೇ, ಎರಡು ಸಾವಿರದ ಇಪ್ಪತ್ತೈದರಲ್ಲಿ. ಆಗ ಇಲ್ಲೂ ಕರೆಂಟು ಹೋಗ್ತಿತ್ತು. ನಮ್ಮ ಸರ್ಟಿಫಿಕೇಟು ಹಿಡ್ಕೊಂಡು ಹೊರದೇಶಕ್ಕೆ ಹೋದ್ರೆ ಮುಖಕ್ಕೇ ಎಸೀತಿದ್ರು. ಕಾಗದ ಬಿಡಿ, ಕೈ ನೋಡಿ ಅಂತ ಕೂಗಿದ್ದು ನಾವೇ."

"ಯಾರ ಕೈಯ ಜೊತೆ ಹೋಲಿಸಬೇಕು ಅಂತ ಹೇಳಲಿಲ್ಲವೇ?"

"ಇಲ್ಲ," ಎಂದರು ಗಾಂವಕರರು. "ಅದನ್ನ ಆಗಲೇ ಹೇಳ್ಬೇಕಿತ್ತು."