ಮನೋಳಿಗೆ ತಿರುಗಿದ ದಾರಿ

ಜೂನ್ ಒಂಬತ್ತು, ಸೋಮವಾರ. ಮಧ್ಯಾಹ್ನ ಎರಡೂವರೆಗೆ ಇಂಟರ್ನೆಟ್ ಕಂಪನಿ ನಡೆಸುವ ಶ್ರೀಶೈಲ, ಸವದತ್ತಿ ಪೊಲೀಸ್ ಠಾಣೆಗೆ ದೂರು ತಂದ. ಬೆಳಗ್ಗೆ ಯಾರೋ ತನ್ನ ಕಚೇರಿಯ ರೌಟರಿನ ಸೆಟ್ಟಿಂಗ್ ಬದಲಿಸಿದ್ದರಿಂದ ರಾಮದುರ್ಗದ ಗಿರಾಕಿಗಳಿಗೆ ಮೂರು ತಾಸು ಇಂಟರ್ನೆಟ್ ಇರಲಿಲ್ಲ; ಕೊನೆಗೆ ತಾನೇ ಹುಡುಕಿ ಸರಿಪಡಿಸಿದೆ ಎಂದ. ಇನ್‌ಸ್ಪೆಕ್ಟರ್ ಉಮಾಶ್ರೀ ಐಟಿ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿದರು.

ಹೆಡ್ ಕಾನ್‌ಸ್ಟೆಬಲ್ ಪರಶುವಿನ ಪಾಲಿಗೆ ರೌಟರ್ ಎಂದರೆ ಮಿಣಿಮಿಣಿ ದೀಪದ ಡಬ್ಬಿ, ಅಷ್ಟೇ. ಶ್ರೀಶೈಲ ಬಿಡಿಸಿ ಹೇಳಬೇಕಾಯಿತು. ಪ್ರತಿ ದಾರಿಗೂ ಒಂದು ಅಂಕಿ ಕೊಟ್ಟಿರುತ್ತಾರೆ. ಅಂಕಿ ಕಡಿಮೆ ಇದ್ದ ದಾರಿಯನ್ನು ರೌಟರುಗಳು ತಾವೇ ಆರಿಸಿಕೊಳ್ಳುತ್ತವೆ. ರಾಮದುರ್ಗಕ್ಕೆ ನೇರ ಹೋಗುವ ಕೇಬಲ್ಲಿನ ಅಂಕಿಯನ್ನು ಹತ್ತರಿಂದ ಸಾವಿರಕ್ಕೆ ಏರಿಸಿದ್ದರು. ಹೀಗಾಗಿ ಡೇಟಾ ಎಲ್ಲ ಮನೋಳಿ ಟವರಿನ ಸಣ್ಣ ವೈರ್‌ಲೆಸ್ ದಾರಿಗೆ ನುಗ್ಗಿ ಕಟ್ಟಿಕೊಂಡಿತ್ತು.

ಮರುದಿನ ಕಚೇರಿಯಲ್ಲಿ ಪಂಚನಾಮೆ ನಡೆಯಿತು. ರೌಟರಿನ ದಾಖಲೆಯಲ್ಲಿ ಬದಲಾವಣೆಯ ಸಮಯ 9:52. ಲಾಗಿನ್ ಮಾತ್ರ ಎಲ್ಲರಿಗೂ ಒಂದೇ. ಪಾಸ್‌ವರ್ಡನ್ನು ಗೋಡೆಗೇ ಅಂಟಿಸಿದ್ದರು. ಉಮಾಶ್ರೀಗೆ ರೇಗಿತು.

"ಮನೋಳಿಗೆ ತಿರುಗಿಸಿದ್ರ ಯಾರಿಗೆ ಲಾಭ?"

"ಯಾರಿಗೂ ಇಲ್ರಿ. ಅಲ್ಲಿ ನಾಕ ಗಿರಾಕಿ ಅದಾರ. ಬಳಕಿ ಇಲ್ಲಂತ ಈ ವಾರ ಟವರ್ ಬಿಚ್ಚವರಿದ್ವಿ," ಎಂದ ಶ್ರೀಶೈಲ.

ನಾಲ್ವರಲ್ಲಿ ಒಬ್ಬ ಮುದಕಪ್ಪ, ಕಂಪನಿಯ ತಂತ್ರಜ್ಞ ಸುಭಾಸನಿಗೆ ಹೆಣ್ಣು ಕೊಟ್ಟ ಮಾವ. 9:52ಕ್ಕೆ ಕಚೇರಿಯಲ್ಲಿದ್ದವನು ಸುಭಾಸನೊಬ್ಬನೇ ಎಂದು ಹಾಜರಿ ಪುಸ್ತಕ ಹೇಳಿತು.

ಮನೋಳಿಯ ಮುದಕಪ್ಪನ ಮನೆಯಲ್ಲಿ ಸುಭಾಸನ ಹೆಂಡತಿ ಮಾಲಾ ಚೊಚ್ಚಲ ಬಾಣಂತಿ, ಇಪ್ಪತ್ತು ದಿನದ ಕೂಸು. ಹೆಸರೇನೆಂದು ಉಮಾಶ್ರೀ ಕೇಳಿದಾಗ ಅವಳು ಕೈ ಆಡಿಸಿದಳು. ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ ಎಂದು ಮುದಕಪ್ಪ ಹೇಳಿದ. ಆ ಓಣಿಯಲ್ಲಿ ಮೊಬೈಲ್ ಸಿಗ್ನಲ್ ವಿಡಿಯೊಗೆ ಸಾಲದು. ಗಂಡ ಹೆಂಡತಿ ದಿನಾ ಈ ಟವರಿನ ಇಂಟರ್ನೆಟ್ಟಿನಲ್ಲೇ ಕೈಸನ್ನೆಯಿಂದ ಮಾತಾಡುತ್ತಿದ್ದರು.

ಸಂಜೆ ಐದಕ್ಕೆ ಠಾಣೆಯಲ್ಲಿ ಸುಭಾಸ ಏನನ್ನೂ ಮುಚ್ಚಿಡಲಿಲ್ಲ.

"ಬಳಕಿ ಕಂಡ್ರ ಟವರ್ ಉಳೀತೈತಿ ಅನಕೊಂಡೆರಿ. ಸ್ವಲ್ಪ ಹೊತ್ತು ತಿರುಗಿಸಿ ಮತ್ತ ಸರಿ ಮಾಡವ ಇದ್ದೆ. ಅಷ್ಟರಾಗ ಎಲ್ಲಾರೂ ಬಂದು ಕಂಪ್ಯೂಟರ್ ಮುಂದ ಕುಂತ್ರು. ಅಂಜಿಕಿ ಆತು."

"ಟವರ್ ಇನ್ನ ಎಷ್ಟು ದಿನ ಬೇಕಿತ್ತು?"

"ಎರಡ ತಿಂಗಳರಿ. ಆಕಿ ತವರಿಂದ ಬರೂತನಕ."

ಬಂಧನದ ಕಾಗದಕ್ಕೆ ಸಹಿಯಾಯಿತು. ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕೆಂಬ ನಿಯಮವಿದೆ; ಯಾರಿಗೆ ಎಂದು ಕೇಳಿದಾಗ ಅವನು ಹೆಂಡತಿಯ ಹೆಸರು ಹೇಳಿದ. ಉಮಾಶ್ರೀ ವಿಡಿಯೊ ಕರೆ ಹಚ್ಚಿಸಿ ಫೋನನ್ನು ಮೇಜಿನ ಮೇಲೆ ನಿಲ್ಲಿಸಿದರು. ಮಾಲಾ ಕೂಸನ್ನು ಎತ್ತಿ ತೋರಿಸಿ ನಕ್ಕಳು. ಪರಶು ಸುಭಾಸನ ಮುಂಗೈ ಹಿಡಿದೇ ನಿಂತಿದ್ದ.

"ಕೈ ಬಿಡ್ರಿ," ಎಂದರು ಉಮಾಶ್ರೀ. "ಅವ ಮಾತಾಡ್ಲಿ."

ಪರಶು ಬಿಟ್ಟ. ಸುಭಾಸನ ಕೈ ಮೇಲೇಳಲಿಲ್ಲ.